ಒಣಗಿದ ಗಿಡ, ಬರೆದ ಚೀಟಿ: ಹೌರಾದ ರಾಷ್ಟ್ರೀಯ ಹರ್ಬೇರಿಯಂ ಗಣಕಕ್ಕೇರಿದ ಬಗೆ

ಹೂಗ್ಲಿ ನದಿಯ ಪಶ್ಚಿಮ ದಂಡೆಯ ಮೇಲೆ, ಕೋಲ್ಕತ್ತ ನಗರಕ್ಕೆ ಎದುರಾಗಿ, ಹೌರಾದ ಶಿಬಪುರದಲ್ಲಿರುವ ಕೇಂದ್ರೀಯ ರಾಷ್ಟ್ರೀಯ ಹರ್ಬೇರಿಯಂ ಭಾರತದ ಒಣಸಸ್ಯ ಸಂಗ್ರಹಗಳಲ್ಲೆಲ್ಲ ದೊಡ್ಡದು. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಅಧೀನದಲ್ಲಿರುವ ಈ ಭಂಡಾರದಲ್ಲಿ ಸುಮಾರು 20 ಲಕ್ಷ ಮಾದರಿಗಳಿವೆ. ಹೂ, ಕಾಯಿ, ಎಲೆಗಳಿರುವ ಕೊಂಬೆಯನ್ನು ಅಥವಾ ಇಡೀ ಗಿಡವನ್ನೇ ಕಾಗದಗಳ ನಡುವೆ ಒತ್ತಿ ಒಣಗಿಸಿ, ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಅಂಟಿಸಿ ಅಥವಾ ಹೊಲಿದು, ಕುಟುಂಬ, ಕುಲ, ಪ್ರಭೇದಗಳ ಕ್ರಮದಲ್ಲಿ ಬೀರುಗಳಲ್ಲಿ ಜೋಡಿಸಿಟ್ಟ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಹಾಳೆಯ ಕೆಳಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ. ಗಿಡದ ಶಾಸ್ತ್ರೀಯ ಹೆಸರು, ಅದು ದೊರೆತ ಊರು, ದಿನಾಂಕ, ಸಂಗ್ರಹಿಸಿದವರ ಹೆಸರು, ಅವರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಆ ಮಾದರಿಗೆ ಕೊಟ್ಟ ಸಂಖ್ಯೆ ಇವೆಲ್ಲ ಆ ಚೀಟಿಯಲ್ಲಿ ದಾಖಲಾಗಿರಬೇಕೆಂಬುದು ನಿಯಮ. ಈ ಹಾಳೆಗಳ ಚಿತ್ರ ತೆಗೆದು ಗಣಕಕ್ಕೇರಿಸಿ, ಯಾರು ಬೇಕಾದರೂ ನೋಡಬಹುದಾದ ಜಾಲತಾಣದಲ್ಲಿ ಇಡುವ ಕೆಲಸ ಇತ್ತೀಚಿನ ವರ್ಷಗಳಲ್ಲಿ ನಡೆಯುತ್ತಿದ್ದು, ಅದು ಹೊಸ ತಂತ್ರಜ್ಞಾನದ ಸಾಧನೆಯೆಂದು ವರ್ಣಿತವಾಗಿದೆ. ಆದರೆ ಎರಡು ಶತಮಾನಗಳ ಹಿನ್ನೆಲೆಯಲ್ಲಿ ನೋಡಿದಾಗ, ಈ ಸಂಗ್ರಹದ ಭಾಗ್ಯವನ್ನು ಪ್ರತಿ ಕಾಲದಲ್ಲಿಯೂ ನಿರ್ಧರಿಸಿದ್ದು ಗಿಡಕ್ಕಿಂತ ಹೆಚ್ಚಾಗಿ ಅದರ ಚೀಟಿಯೇ ಎಂಬುದೂ, ಗಣಕೀಕರಣದ ಫಲವೂ ಅದೇ ಚೀಟಿಯನ್ನು ಓದುವವರ ತಿಳಿವಳಿಕೆಯನ್ನು ಅವಲಂಬಿಸಿದೆಯೆಂಬುದೂ ಸ್ಪಷ್ಟವಾಗುತ್ತದೆ.

ಗಿಡವನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸುವ ಪದ್ಧತಿ ಹದಿನಾರನೆಯ ಶತಮಾನದ ಇಟಲಿಯಲ್ಲಿ ರೂಢಿಗೆ ಬಂದಿತು. ಬೊಲೋನ್ಯ, ಪೀಸಾಗಳಲ್ಲಿ ಔಷಧಸಸ್ಯಗಳನ್ನು ಬೋಧಿಸುತ್ತಿದ್ದ ಲೂಕಾ ಗೀನಿ ಮತ್ತು ಅವನ ಶಿಷ್ಯರು ಅದನ್ನು ಯುರೋಪಿನಾದ್ಯಂತ ಹರಡಿದರು. ಆರಂಭದಲ್ಲಿ ಇಂಥ ಹಾಳೆಗಳನ್ನು ಪುಸ್ತಕದಂತೆ ಹೊಲಿದು ಕಟ್ಟುತ್ತಿದ್ದರು, ಆದ್ದರಿಂದ ಒಮ್ಮೆ ಗೊತ್ತಾದ ಕ್ರಮ ಬದಲಾಗುವಂತಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಲಿನೇಯಸ್ ಒಂದು ಹಾಳೆಗೆ ಒಂದೇ ಗಿಡವೆಂಬ ನಿಯಮವನ್ನು ಬೋಧಿಸಿ, ಹಾಳೆಗಳನ್ನು ಕಟ್ಟದೆ ಬಿಡಿಬಿಡಿಯಾಗಿ ಬೀರುವಿನಲ್ಲಿರಿಸಿದನು. ವರ್ಗೀಕರಣ ಬದಲಾದಾಗ ಹಾಳೆಯನ್ನು ಒಂದು ಅರೆಯಿಂದ ಇನ್ನೊಂದಕ್ಕೆ ಸರಿಸಲು ಇದರಿಂದ ಸಾಧ್ಯವಾಯಿತು. ಅದೇ ಹಾಳೆಯನ್ನು ಇನ್ನೊಬ್ಬರಿಗೆ ಕೊಡುವುದಕ್ಕೂ, ಮಾರುವುದಕ್ಕೂ, ಹಡಗಿನಲ್ಲಿ ದೂರದೇಶಕ್ಕೆ ಸಾಗಿಸುವುದಕ್ಕೂ ದಾರಿಯಾಯಿತು. ಮೂಲಸ್ಥಳದಿಂದ ಬೇರ್ಪಟ್ಟ ಗಿಡಕ್ಕೆ ತನ್ನ ಹುಟ್ಟೂರನ್ನು ಹೇಳಬಲ್ಲ ಸಾಕ್ಷಿಯಾಗಿ ಉಳಿದದ್ದು ಚೀಟಿ ಮಾತ್ರ.

ಈ ಪದ್ಧತಿ ಲಿನೇಯಸ್‌ನ ಶಿಷ್ಯನೊಬ್ಬನ ಮೂಲಕ ದಕ್ಷಿಣ ಭಾರತದಲ್ಲಿ ನೆಲೆಯೂರಿತು. 1768ರಲ್ಲಿ ಕೋರಮಂಡಲ ತೀರದ ಡೇನಿಷ್ ನೆಲೆಯಾದ ತರಂಗಂಬಾಡಿಗೆ ವೈದ್ಯನಾಗಿ ಬಂದ ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್, ಅಲ್ಲಿನ ಮಿಷನರಿಗಳಿಗೆ ಗಿಡ ಸಂಗ್ರಹಿಸುವ ಅಭ್ಯಾಸವನ್ನು ಹಿಡಿಸಿ, ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸರ್ಕಾರದ ಸೇವೆಗೆ ಸೇರಿದನು. ಅವನ ಸಂಪರ್ಕದಿಂದ ಸಸ್ಯಶಾಸ್ತ್ರದಲ್ಲಿ ಪಳಗಿದ ವಿಲಿಯಂ ರಾಕ್ಸ್‌ಬರ್ಗ್ 1793ರಲ್ಲಿ ಶಿಬಪುರದ ಸಸ್ಯೋದ್ಯಾನದ ಮುಖ್ಯಸ್ಥನಾದನು. ಆ ಉದ್ಯಾನವನ್ನು 1787ರಲ್ಲಿ ಕರ್ನಲ್ ರಾಬರ್ಟ್ ಕಿಡ್ ಸ್ಥಾಪಿಸಿದ್ದು, ಬರಗಾಲಕ್ಕೆ ಒದಗುವ ಆಹಾರದ ಬೆಳೆಗಳನ್ನೂ ಹಡಗು ಕಟ್ಟಲು ಬೇಕಾದ ತೇಗವನ್ನೂ ಕಂಪನಿಯ ವ್ಯಾಪಾರಕ್ಕೆ ಅನುಕೂಲವಾದ ಸಾಂಬಾರ ಗಿಡಗಳನ್ನೂ ಬೆಳೆಸಿ ನೋಡುವ ಉದ್ದೇಶದಿಂದ. ಬಂಗಾಳದ ತೇವ ಮತ್ತು ಹುಳುಗಳು ಒಣಗಿದ ಗಿಡವನ್ನು ಬಹುಕಾಲ ಉಳಿಯಗೊಡುವುದಿಲ್ಲವಾದ್ದರಿಂದಲೋ ಏನೋ, ರಾಕ್ಸ್‌ಬರ್ಗ್ ಮಾದರಿಗಳಿಗಿಂತ ಚಿತ್ರಗಳನ್ನು ಹೆಚ್ಚು ನಂಬಿದನು; ಭಾರತೀಯ ಕಲಾವಿದರಿಂದ ಅವನು ಬರೆಯಿಸಿದ 2,500ಕ್ಕೂ ಹೆಚ್ಚು ವರ್ಣಚಿತ್ರಗಳು ಹೌರಾದ ಭಂಡಾರದಲ್ಲಿ ಇಂದಿಗೂ ಇವೆ, ಅವುಗಳ ಪ್ರತಿಗಳು ಲಂಡನ್ ಸಮೀಪದ ಕ್ಯೂ ಉದ್ಯಾನದಲ್ಲಿವೆ. ಆ ಚಿತ್ರಗಳನ್ನು ಬರೆದವರ ಹೆಸರುಗಳು ಬಹುಪಾಲು ದಾಖಲಾಗಲಿಲ್ಲ.

ಹರ್ಬೇರಿಯಂಗೆ ದೊಡ್ಡ ಪ್ರಮಾಣದ ರೂಪ ಬಂದದ್ದು ನಥಾನಿಯಲ್ ವಾಲಿಕ್‌ನ ಕಾಲದಲ್ಲಿ. ಕೋಪನ್‌ಹೇಗನ್ನಿನಲ್ಲಿ ಹುಟ್ಟಿ, ಡೇನಿಷ್ ನೆಲೆಯಾದ ಶ್ರೀರಾಂಪುರಕ್ಕೆ ಶಸ್ತ್ರವೈದ್ಯನಾಗಿ ಬಂದ ವಾಲಿಕ್ 1817ರಿಂದ 1846ರವರೆಗೆ ಉದ್ಯಾನದ ಮುಖ್ಯಸ್ಥನಾಗಿದ್ದು, ನೇಪಾಳ, ಸಿಂಗಪುರ, ಬರ್ಮಾಗಳಲ್ಲಿ ಸ್ವತಃ ತಿರುಗಿ ಮತ್ತು ಸಂಗ್ರಹಕಾರರನ್ನು ಕಳುಹಿಸಿ ಅಪಾರ ಮಾದರಿಗಳನ್ನು ಕೂಡಿಹಾಕಿದನು. 1828ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗುವಾಗ ಅವನು ಈ ಸಂಗ್ರಹವನ್ನು ಹಡಗಿಗೇರಿಸಿಕೊಂಡೇ ಹೋದನು. ಕಂಪನಿಯ ಬಳಿ ಲಂಡನ್ನಿನಲ್ಲಿದ್ದ ಹೈನೆ, ರಾಟ್ಲರ್, ಬುಕಾನನ್, ವೈಟ್ ಮೊದಲಾದವರ ಸಂಗ್ರಹಗಳನ್ನೂ ಅದಕ್ಕೆ ಸೇರಿಸಿ, 9,000ಕ್ಕೂ ಹೆಚ್ಚು ಸಂಖ್ಯೆಗಳುಳ್ಳ ಪಟ್ಟಿಯೊಂದನ್ನು ತನ್ನ ಕೈಬರಹದಲ್ಲಿಯೇ ಕಲ್ಲಚ್ಚಿನಲ್ಲಿ ಮುದ್ರಿಸಿ, ನಕಲುಗಳನ್ನು ಯುರೋಪಿನ ಹತ್ತಾರು ಸಂಗ್ರಹಗಳಿಗೆ ಹಂಚಿದನು. ಇಲ್ಲಿ ನಕಲು ಎಂದರೆ ಒಂದೇ ಗಿಡದಿಂದ ಒಂದೇ ಹೊತ್ತಿನಲ್ಲಿ ಕೊಯ್ದ ಹೆಚ್ಚುವರಿ ಕೊಂಬೆಗಳು. ಅತ್ಯುತ್ತಮವಾದ ಮೊದಲ ಪ್ರತಿ 1832ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ಸಂದು, 1913ರಲ್ಲಿ ಕ್ಯೂ ಉದ್ಯಾನವನ್ನು ಸೇರಿತು.

ಭಾರತದ ಸಸ್ಯಗಳು ಜಗತ್ತಿನ ವಿದ್ವಾಂಸರಿಗೆ ಪರಿಚಯವಾದದ್ದು ಈ ಹಂಚಿಕೆಯಿಂದ. ಆದರೆ ಅದು ಎರಡು ನಷ್ಟಗಳನ್ನೂ ಉಂಟುಮಾಡಿತು. ಮೊದಲನೆಯದಾಗಿ, ಶಿಬಪುರದ ಬೀರುಗಳು ಬರಿದಾಗಿ, ಭಾರತದಲ್ಲಿದ್ದು ಭಾರತದ ಸಸ್ಯಗಳನ್ನು ಅಭ್ಯಸಿಸುವವರಿಗೆ ಹೋಲಿಸಿ ನೋಡಲು ಹಳೆಯ ಮಾದರಿಗಳಿಲ್ಲದಂತಾಯಿತು. ಎರಡನೆಯದಾಗಿ, ವಾಲಿಕ್‌ನ ಒಂದೇ ಸಂಖ್ಯೆಯಡಿ ಬೇರೆ ಬೇರೆಯವರು ಬೇರೆ ಬೇರೆ ಊರುಗಳಲ್ಲಿ ಕೊಯ್ದ ಗಿಡಗಳು ಒಟ್ಟಾಗಿ, ಒಳಭೇದವನ್ನು ಕೇವಲ ಅಕ್ಷರಗಳಿಂದ ಸೂಚಿಸಲಾಗಿತ್ತು; ಹಂಚಿಹೋದ ಎಷ್ಟೋ ಹಾಳೆಗಳಲ್ಲಿ ಆ ಅಕ್ಷರವೂ ಇಲ್ಲದೆ ಬರಿಯ ಸಂಖ್ಯೆ ಮಾತ್ರ ಉಳಿಯಿತು. ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡದವರಿಗೆ ಅಂಥ ಹಾಳೆ ಊರು, ಕಾಲ, ಸಂಗ್ರಹಕಾರ ಯಾವುದನ್ನೂ ತಿಳಿಸುವುದಿಲ್ಲ.

ಇದೇ ಚದುರುವಿಕೆ ಕರ್ನಾಟಕದ ಸಸ್ಯಗಳ ವಿಷಯದಲ್ಲಿಯೂ ನಡೆಯಿತು. ಟಿಪ್ಪುವಿನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, 1807ರಲ್ಲಿ ಮೂರು ಸಂಪುಟಗಳ ಪ್ರವಾಸವರದಿಯನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ಕನ್ನಡನಾಡಿನ ಇತಿಹಾಸ ಓದುವವರಿಗೆಲ್ಲ ಪರಿಚಿತ. ಮುಂದೆ ಅಲ್ಪಕಾಲ ಶಿಬಪುರದ ಮುಖ್ಯಸ್ಥನೂ ಆಗಿದ್ದ ಅವನು ಆ ಪ್ರವಾಸದಲ್ಲಿ ಒಣಗಿಸಿದ ಗಿಡಗಳು ಜೇಮ್ಸ್ ಎಡ್ವರ್ಡ್ ಸ್ಮಿತ್‌ನ ಕೈಸೇರಿ, ಅವನ ಸಂಗ್ರಹದೊಂದಿಗೆ ಲಿನಿಯನ್ ಸೊಸೈಟಿಯಲ್ಲಿ ನಿಂತವು. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್, ಕನ್ನಡ ನಿಘಂಟು, ಮುದ್ರಣ, ಹಂಚಿನ ಕಾರ್ಖಾನೆಗಳಿಂದ ಹೆಸರಾದಷ್ಟು ಗಿಡಗಳ ಸಂಗ್ರಹದಿಂದ ಹೆಸರಾಗಿಲ್ಲ. ಆದರೆ ಆ ಮಿಷನ್ನಿನ ಮೆಟ್ಸ್ ಮೊದಲಾದವರು ಕರಾವಳಿ ಮತ್ತು ನೀಲಗಿರಿಯಲ್ಲಿ ಕೊಯ್ದು ಕಳುಹಿಸಿದ ಗಿಡಗಳನ್ನು, ಹಿಂದೆ ಅದೇ ಮಿಷನ್ನಿನ ವೈದ್ಯನಾಗಿ ಕಾಕಸಸ್ ಪ್ರಾಂತದಲ್ಲಿದ್ದ ಹೋಹೆನಾಕರ್ ಜರ್ಮನಿಯಲ್ಲಿ ಕುಳಿತು, ಮಂಗಳೂರು, ಕನ್ನಡ ಜಿಲ್ಲೆ ಎಂಬ ಹೆಸರುಗಳನ್ನು ಅಚ್ಚುಮಾಡಿಸಿದ ಚೀಟಿಗಳನ್ನು ಅಂಟಿಸಿ, ಕ್ರಮಸಂಖ್ಯೆಯ ಕಟ್ಟುಗಳಾಗಿ ಯುರೋಪಿನ ಸಂಗ್ರಹಾಲಯಗಳಿಗೆ ಚಂದಾ ಪಡೆದು ಮಾರಿದನು. ಹೀಗೆ ನೇತ್ರಾವತಿಯ ಬಯಲಿನ ಹುಲ್ಲೊಂದರ ಮಾದರಿಗಳು ಒಂದೇ ಸಂಖ್ಯೆ ಹೊತ್ತು ಹಲವು ದೇಶಗಳ ಪಾಲಾಗುವುದು ಸಾಮಾನ್ಯ ಸಂಗತಿಯಾಯಿತು.

ಬರಿದಾದ ಶಿಬಪುರವನ್ನು ಮತ್ತೆ ತುಂಬಿಸಿದ ಶ್ರೇಯಸ್ಸು 1871ರಿಂದ 1898ರವರೆಗೆ ಮುಖ್ಯಸ್ಥನಾಗಿದ್ದ ಜಾರ್ಜ್ ಕಿಂಗ್‌ಗೆ ಸಲ್ಲಬೇಕು. 1864 ಮತ್ತು 1867ರ ಚಂಡಮಾರುತಗಳಲ್ಲಿ ಉದ್ಯಾನದ ಮರಗಳು ನೆಲಕಚ್ಚಿದ ಮೇಲೆ ಅಧಿಕಾರಕ್ಕೆ ಬಂದ ಅವನು ಉದ್ಯಾನವನ್ನು ಹೊಸದಾಗಿ ರೂಪಿಸಿ, 1880ರ ದಶಕದ ಆರಂಭದಲ್ಲಿ ಹರ್ಬೇರಿಯಂಗೆ ಪ್ರತ್ಯೇಕ ಕಟ್ಟಡ ಕಟ್ಟಿಸಿ, ವಿನಿಮಯದ ಮೂಲಕ ಮಾದರಿಗಳನ್ನು ತರಿಸಿಕೊಂಡನು. 1890ರ ಫೆಬ್ರವರಿ 13ರಂದು ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ ಸ್ಥಾಪನೆಯಾದಾಗ ಕಿಂಗ್ ಅದರ ಮೊದಲ ನಿರ್ದೇಶಕನಾದನು. ಆ ಕಾಲದ ಚೀಟಿಗಳಲ್ಲಿ ಇನ್ನೊಂದು ಬಗೆಯ ಮೌನವನ್ನು ಕಾಣಬಹುದು: ಕಾಡಿಗೆ ಹೋಗಿ ಗಿಡ ತಂದವರು ಎಷ್ಟೋ ಬಾರಿ ಕೂಲಿಯ ಮೇಲಿನ ಸ್ಥಳೀಯರಾಗಿದ್ದು, ಚೀಟಿಯಲ್ಲಿ ಅವರ ಹೆಸರಿನ ಬದಲು ಇಂಥ ಅಧಿಕಾರಿಯ ಸಂಗ್ರಹಕಾರ ಎಂದಷ್ಟೇ ಇರುತ್ತದೆ. ಸಿಕ್ಕಿಂ ಹಿಮಾಲಯದಲ್ಲಿ ದುಡಿದ ರಿಬು, ರೊಮು ಎಂಬ ಲೆಪ್ಚಾ ಸಂಗ್ರಹಕಾರರಂತೆ ಹೆಸರಿನಿಂದಲೇ ಚೀಟಿಯಲ್ಲಿ ಉಳಿದವರು ವಿರಳ.

ಆಳುವವರ ಸಸ್ಯಶಾಸ್ತ್ರದ ಕೇಂದ್ರ ಮಾತ್ರ ಕ್ಯೂ ಆಗಿಯೇ ಉಳಿಯಿತು. 1872ರಿಂದ 1897ರ ನಡುವೆ ಏಳು ಸಂಪುಟಗಳಲ್ಲಿ ಹೊರಬಂದ ಜೋಸೆಫ್ ಹೂಕರ್‌ನ ಬ್ರಿಟಿಷ್ ಇಂಡಿಯಾ ಸಸ್ಯಾವಳಿಯ ಆಧಾರ ಬಹುಮಟ್ಟಿಗೆ ಅಲ್ಲಿನ ಹಾಳೆಗಳೇ. ಇಪ್ಪತ್ತನೆಯ ಶತಮಾನದಲ್ಲಿ ಈ ಅಸಮತೆ ಇನ್ನಷ್ಟು ಬಿಗಿಯಾಯಿತು, ಏಕೆಂದರೆ ಸಸ್ಯನಾಮಕರಣದ ಅಂತರರಾಷ್ಟ್ರೀಯ ನಿಯಮಗಳು ಪ್ರತಿಯೊಂದು ಪ್ರಭೇದದ ಹೆಸರನ್ನೂ ಒಂದು ನಿರ್ದಿಷ್ಟ ಹಾಳೆಗೆ ಶಾಶ್ವತವಾಗಿ ಕಟ್ಟಿಹಾಕಿದವು. ಈ ಹಾಳೆಗೆ ಮೂಲಮಾದರಿ ಎಂದು ಹೆಸರು. 1958ರ ಜನವರಿ 1ರ ನಂತರ ಮೂಲಮಾದರಿಯನ್ನು ಗೊತ್ತುಪಡಿಸದೆ ಪ್ರಕಟಿಸಿದ ಹೊಸ ಹೆಸರು ಸಿಂಧುವಾಗುವುದಿಲ್ಲ. ಸಹ್ಯಾದ್ರಿಯ ಗಿಡವೊಂದು ಹಿಂದೆ ಹೆಸರಿಸಿದ್ದೋ ಹೊಸದೋ ಎಂದು ತೀರ್ಮಾನಿಸಲು ಲಂಡನ್, ಪ್ಯಾರಿಸ್, ಲೈಡನ್‌ಗಳಲ್ಲಿರುವ ಮೂಲಮಾದರಿಗಳನ್ನು ಕಣ್ಣಾರೆ ಕಾಣಬೇಕಿತ್ತು. ಆದ್ದರಿಂದ ಸ್ವಾತಂತ್ರ್ಯಾನಂತರವೂ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ ಕ್ಯೂ ಉದ್ಯಾನದಲ್ಲಿ ಒಬ್ಬ ಸಂಪರ್ಕಾಧಿಕಾರಿಯನ್ನು ಇರಿಸಿ, ಅವರ ಮೂಲಕ ಭಾರತದ ಗಿಡಗಳ ಮೂಲಮಾದರಿಗಳ ವರ್ಣಛಾಯಾಚಿತ್ರಗಳನ್ನು ಹೌರಾಕ್ಕೆ ತರಿಸಿಕೊಳ್ಳುತ್ತಿತ್ತು.

ಹಾಳೆಯ ಬದಲು ಅದರ ಚಿತ್ರವನ್ನು ಸಾಗಿಸುವ ಈ ಉಪಾಯ ಗಣಕಯುಗಕ್ಕಿಂತ ಹಳೆಯದು. ಷಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನ ಮ್ಯಾಕ್‌ಬ್ರೈಡ್ 1929ರಿಂದ ಯುರೋಪಿನ ಸಂಗ್ರಹಗಳಲ್ಲಿದ್ದ, ಮುಖ್ಯವಾಗಿ ಅಮೆರಿಕ ಖಂಡದ ಮೂಲಮಾದರಿಗಳ ಸುಮಾರು 40,000 ಛಾಯಾಚಿತ್ರಗಳನ್ನು ತೆಗೆದನು; 1943ರ ಮಾರ್ಚ್ 1ರ ಬಾಂಬ್ ದಾಳಿಯಲ್ಲಿ ಬರ್ಲಿನ್‌ನ ಹರ್ಬೇರಿಯಂ ಬಹುಪಾಲು ಸುಟ್ಟುಹೋದ ಮೇಲೆ, ಅಲ್ಲಿನ ಎಷ್ಟೋ ಹಾಳೆಗಳಿಗೆ ಆ ಛಾಯಾಚಿತ್ರಗಳೇ ಉಳಿದ ಆಧಾರಗಳಾದವು. ಅದೇ ಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿದ್ದ ಲಿನೇಯಸ್‌ನ ಸಂಗ್ರಹವನ್ನು ಕಿರುಫಿಲ್ಮಿಗೆ ಇಳಿಸಲಾಯಿತು. ಮುಂದೆ ವಾಲಿಕ್‌ನ ಹಾಳೆಗಳೂ ಕಿರುಚಿತ್ರದ ಫಲಕಗಳಾಗಿ ಗ್ರಂಥಾಲಯಗಳನ್ನು ಸೇರಿದವು. ಈ ಕಪ್ಪುಬಿಳುಪು ಚಿತ್ರಗಳಲ್ಲಿ ಎಲೆಯ ರೋಮವಾಗಲಿ, ಚೀಟಿಯ ಸಣ್ಣ ಬರಹವಾಗಲಿ ಸ್ಪಷ್ಟವಾಗಿ ಕಾಣುತ್ತಿರಲಿಲ್ಲವಾದರೂ, ಹಾಳೆ ಒಂದು ಕಡೆಯಿದ್ದು ಅದರ ಜ್ಞಾನ ಹಲವೆಡೆ ಇರಬಹುದೆಂಬ ಕಲ್ಪನೆ ಅವುಗಳಿಂದ ಬೇರೂರಿತು.

ಭಾರತದಲ್ಲಿ ಈ ನಡುವೆ ಸಂಗ್ರಹದ ಕಾರ್ಯ ಮತ್ತೆ ಚುರುಕಾಗಿತ್ತು. ವಸಾಹತು ಆಡಳಿತದ ಕೊನೆಯ ದಶಕಗಳಲ್ಲಿ ಸೊರಗಿಹೋಗಿದ್ದ ಸಸ್ಯ ಸರ್ವೇಕ್ಷಣಾ ಸಂಸ್ಥೆಯನ್ನು ಪುನರ್ರಚಿಸಲು ನೆಹರೂ ಅವರು ಜೀವಕೋಶ ವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಅವರನ್ನು ಇಂಗ್ಲೆಂಡಿನಿಂದ ಕರೆಸಿಕೊಂಡರು. 1954ರ ಪುನರ್ರಚನೆಯ ನಂತರ ಕೊಯಮತ್ತೂರು, ಪುಣೆ, ಷಿಲ್ಲಾಂಗ್, ಡೆಹ್ರಾಡೂನ್‌ಗಳಲ್ಲಿ ಪ್ರಾದೇಶಿಕ ಕೇಂದ್ರಗಳು ತೆರೆದವು. ಕರ್ನಾಟಕದಲ್ಲಿ ಇದೇ ಹುರುಪನ್ನು ಮುಂದುವರಿಸಿದವರು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನ. ಅವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಅವರೊಡನೆ 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಾವಳಿಯು ಕ್ಷೇತ್ರದಲ್ಲಿ ಹೊಸದಾಗಿ ಕೊಯ್ದ ಮಾದರಿಗಳನ್ನೇ ಆಧರಿಸಿತ್ತು; ಗಿಡ ದೊರೆತ ಊರು, ದಿನಾಂಕ, ಸಂಗ್ರಹಸಂಖ್ಯೆಗಳ ದಾಖಲೆಯಲ್ಲಿ ಅದು ವಸಾಹತು ಕಾಲದ ಸಸ್ಯಾವಳಿಗಳಿಗಿಂತ ಬಹಳ ಮುಂದಿತ್ತು. ಆ ಮಾದರಿಗಳನ್ನು ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಿಂದಲೇ ಮುಂದೆ ಕೆ. ಶಂಕರ ರಾವ್ ಮತ್ತು ಸಂಗಡಿಗರು ಕರ್ನಾಟಕದ ಸಸ್ಯಾವಳಿಯನ್ನು ಗಣಕರೂಪಕ್ಕೆ ತಂದದ್ದು ಆಕಸ್ಮಿಕವಲ್ಲ. ಒಳ್ಳೆಯ ಚೀಟಿಗಳಿದ್ದ ಸಂಗ್ರಹ ಗಣಕಕ್ಕೂ ಸುಲಭವಾಗಿ ಒಗ್ಗಿತು.

ಗಣಕೀಕರಣದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಚಿತ್ರ ತೆಗೆಯುವುದು. ಹಾಳೆಗೆ ಗೆರೆಸಂಕೇತದ ಪಟ್ಟಿಯೊಂದನ್ನು, ಅಂದರೆ ಬಾರ್‌ಕೋಡನ್ನು ಅಂಟಿಸಿ ಅದಕ್ಕೆ ಅನನ್ಯವಾದ ಗುರುತುಸಂಖ್ಯೆ ಕೊಡುತ್ತಾರೆ; ಬಣ್ಣಗಳ ಮಾನಪಟ್ಟಿಯನ್ನೂ ಅಳತೆಪಟ್ಟಿಯನ್ನೂ ಪಕ್ಕದಲ್ಲಿರಿಸಿ ಚಿತ್ರೀಕರಿಸುತ್ತಾರೆ. ಸಾಧಾರಣ ಸ್ಕ್ಯಾನರಿನಲ್ಲಿ ಹಾಳೆಯನ್ನು ಮಗುಚಿ ಇಡಬೇಕಾದ್ದರಿಂದ ಎರಡು ಶತಮಾನದ ಹೂದಳಗಳು ಉದುರಿಹೋಗುವ ಅಪಾಯವಿತ್ತು. ಕ್ಯೂ ಉದ್ಯಾನದವರು ಸ್ಕ್ಯಾನರನ್ನೇ ತಲೆಕೆಳಗಾಗಿ ತೂಗಿಸಿ, ಹಾಳೆಯನ್ನು ಕೆಳಗಿನಿಂದ ಮೆಲ್ಲಗೆ ಮೇಲೆತ್ತುವ ಹರ್ಬ್‌ಸ್ಕ್ಯಾನ್ ಎಂಬ ಸಾಧನವನ್ನು ರೂಪಿಸಿದರು. ಮೆಲನ್ ಪ್ರತಿಷ್ಠಾನದ ನೆರವಿನಿಂದ 2000ದ ದಶಕದಲ್ಲಿ ಆಫ್ರಿಕದ ಸಸ್ಯಗಳಿಂದ ಆರಂಭಿಸಿ ಜಗತ್ತಿನ ಮೂಲಮಾದರಿಗಳನ್ನೆಲ್ಲ ಗಣಕಕ್ಕೇರಿಸಲು ನಡೆದ ಯೋಜನೆಯಲ್ಲಿ ಇಂಥ ಸಾಧನದಿಂದ ಅಂಗುಲಕ್ಕೆ 600 ಚುಕ್ಕಿಗಳ ಸೂಕ್ಷ್ಮತೆಯ ಚಿತ್ರಗಳು ಸಿದ್ಧವಾದವು. ಪ್ಯಾರಿಸ್ಸಿನ ರಾಷ್ಟ್ರೀಯ ಹರ್ಬೇರಿಯಂ ತನ್ನ ಕಟ್ಟಡದ ನವೀಕರಣದ ಸಂದರ್ಭದಲ್ಲಿ, ಚಲಿಸುವ ಪಟ್ಟಿಯ ಮೇಲೆ ಹಾಳೆಗಳನ್ನು ಸಾಗಿಸಿ ಕ್ಯಾಮೆರಾದಿಂದ ಸೆರೆಹಿಡಿಯುತ್ತ, ಕೆಲವೇ ವರ್ಷಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ಮುಗಿಸಿತು. ಚಿತ್ರ ತೆಗೆಯುವುದು ಹಣ ಮತ್ತು ಯಂತ್ರಗಳಿದ್ದರೆ ಆಗುವ ಕೆಲಸ.

ಎರಡನೆಯ ಕೆಲಸ ಚೀಟಿಯನ್ನು ಓದಿ, ಅದರಲ್ಲಿರುವುದನ್ನು ಸಂಗ್ರಹಕಾರ, ದಿನಾಂಕ, ಸ್ಥಳ ಎಂದು ಬೇರೆ ಬೇರೆ ಅಂಕಣಗಳಿಗೆ ತುಂಬುವುದು. ಇದು ಯಂತ್ರದ ವೇಗದಲ್ಲಿ ಸಾಗುವುದಿಲ್ಲ. ಪ್ಯಾರಿಸ್ಸಿನಲ್ಲಿಯೂ ಚಿತ್ರಗಳು ಮುಗಿದ ಮೇಲೆ ಬಹುಪಾಲು ಚೀಟಿಗಳು ಓದದೆ ಉಳಿದು, ಅವನ್ನು ಓದಲು ಸಾರ್ವಜನಿಕ ಸ್ವಯಂಸೇವಕರ ನೆರವು ಪಡೆಯಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಕೈಬರಹ, ಲ್ಯಾಟಿನ್ ಒಕ್ಕಣೆ, ಸಂಕ್ಷೇಪಾಕ್ಷರ, ಇಂದು ಬಳಕೆಯಲ್ಲಿಲ್ಲದ ಪ್ರಾಂತನಾಮ ಇವೆಲ್ಲ ಓದುವವರಿಗೆ ಎದುರಾಗುತ್ತವೆ. ಹೂಕರ್ ಮತ್ತು ಥಾಮ್ಸನ್ ಹಂಚಿದ ಹಾಳೆಗಳ ಅಚ್ಚಾದ ಚೀಟಿಯಲ್ಲಿ ಮೈಸೂರು ಮತ್ತು ಕರ್ನಾಟಿಕ್ ಎಂದಷ್ಟೇ, ಇಲ್ಲವೇ ನೀಲಗಿರಿ ಮತ್ತು ಕೊಡಗಿನ ಬೆಟ್ಟಗಳು ಎಂದಷ್ಟೇ ಇರುತ್ತದೆ. ರಾಬರ್ಟ್ ವೈಟ್‌ನ ಸಂಗ್ರಹವನ್ನು 1866–67ರಲ್ಲಿ ಕ್ಯೂ ಹಂಚಿದಾಗ ಅಂಟಿಸಿದ ಚೀಟಿ ಇನ್ನೂ ವಿಶಾಲವಾದದ್ದು. ದಕ್ಷಿಣ ಭಾರತದ ಇಡೀ ಪರ್ಯಾಯದ್ವೀಪವೇ ಅದರ ಸ್ಥಳನಾಮ. ಇಂಥ ಚೀಟಿಯನ್ನು ಹಿಡಿದು ಅಕ್ಷಾಂಶ ರೇಖಾಂಶಗಳನ್ನು ಗೊತ್ತುಮಾಡಿ ಭೂಪಟದ ಮೇಲೆ ಚುಕ್ಕಿ ಇಟ್ಟರೆ, ಆ ಚುಕ್ಕಿಯನ್ನು ನಂಬಿ ಗಿಡದ ವ್ಯಾಪ್ತಿಯನ್ನು ಲೆಕ್ಕಹಾಕುವವರು ನೂರಾರು ಕಿಲೋಮೀಟರ್ ದಾರಿ ತಪ್ಪುತ್ತಾರೆ. ಆದ್ದರಿಂದ ಚುಕ್ಕಿಯ ಜೊತೆಗೆ ಅದರ ಅನಿಶ್ಚಿತತೆಯ ಅಳತೆಯನ್ನೂ ದಾಖಲಿಸಬೇಕೆಂಬುದು ಇಂದಿನ ಪರಿಪಾಠ.

ಆದರೆ ಚೀಟಿಗಳನ್ನು ಕ್ರಮವಾಗಿ ಓದಿ ಗಣಕಕ್ಕೆ ಸೇರಿಸಿದಲ್ಲಿ, ವಾಲಿಕ್‌ನ ಕಾಲದಿಂದ ಚದುರಿದ ಸಂಗ್ರಹ ಮತ್ತೆ ಒಂದುಗೂಡುವ ಸಾಧ್ಯತೆ ತೆರೆಯುತ್ತದೆ. ಹೋಹೆನಾಕರ್‌ನ ಒಂದು ಸಂಖ್ಯೆಯ ಹಾಳೆಗಳು ನಾಲ್ಕು ದೇಶಗಳಲ್ಲಿದ್ದರೂ ಅವನ್ನು ಒಂದೇ ತೆರೆಯ ಮೇಲೆ ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಒಂದರ ಚೀಟಿಯಲ್ಲಿ ಬಿಟ್ಟುಹೋದ ತಿಂಗಳು ಇನ್ನೊಂದರಲ್ಲಿರಬಹುದು, ಒಂದರಲ್ಲಿ ಉದುರಿದ ಹೂ ಇನ್ನೊಂದರಲ್ಲಿ ಉಳಿದಿರಬಹುದು. ಹೂಬಿಡುವ ಕಾಲ ಶತಮಾನದಲ್ಲಿ ಹೇಗೆ ಸರಿದಿದೆ, ಯಾವ ಗಿಡ ಯಾವ ಕಣಿವೆಯಿಂದ ಕಾಣೆಯಾಗಿದೆ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ದಿನಾಂಕ ಮತ್ತು ಸ್ಥಳಗಳು ಸರಿಯಾಗಿ ದಾಖಲಾದ ಇಂಥ ಹಾಳೆಗಳ ರಾಶಿಯಿಂದಲೇ.

2022ರ ಜುಲೈ 1ರಂದು ಕೋಲ್ಕತ್ತದಲ್ಲಿ ಕೇಂದ್ರ ಪರಿಸರ ಸಚಿವರು ಉದ್ಘಾಟಿಸಿದ ಇಂಡಿಯನ್ ವರ್ಚುವಲ್ ಹರ್ಬೇರಿಯಂ ಈ ದಿಕ್ಕಿನಲ್ಲಿ ಸರ್ಕಾರ ಇಟ್ಟ ದೊಡ್ಡ ಹೆಜ್ಜೆ. ಆಗ ಅದರಲ್ಲಿ ಸುಮಾರು 1 ಲಕ್ಷ ಮಾದರಿಗಳ ಚಿತ್ರಗಳಿದ್ದವು; ಪ್ರತಿ ದಾಖಲೆಯಲ್ಲಿಯೂ ಶಾಸ್ತ್ರೀಯ ಹೆಸರು, ಸ್ಥಳ, ದಿನಾಂಕ, ಸಂಗ್ರಹಕಾರರ ಹೆಸರು, ಗೆರೆಸಂಕೇತದ ಸಂಖ್ಯೆಗಳಿದ್ದು, ರಾಜ್ಯವಾರು ಹುಡುಕುವ ಅನುಕೂಲವೂ ಇತ್ತು. ಹೌರಾ ಮತ್ತು ಪ್ರಾದೇಶಿಕ ಕೇಂದ್ರಗಳಲ್ಲಿ ಒಟ್ಟಾಗಿ ಸುಮಾರು 30 ಲಕ್ಷ ಮಾದರಿಗಳಿರುವುದರಿಂದ, ಆ ದಿನಕ್ಕೆ ತೆರೆಗೆ ಬಂದದ್ದು ಮೂವತ್ತರಲ್ಲಿ ಒಂದು ಭಾಗ. ಉಳಿದುದನ್ನು ಬೇಗ ಮುಗಿಸುವ ಒತ್ತಡ ಸಹಜವಾದದ್ದು. ಅದರ ಜೊತೆಗೆ, ಅಪರೂಪದ ಆರ್ಕಿಡ್‌ನಂಥ ಗಿಡಗಳ ನಿಖರ ನೆಲೆ ಬಹಿರಂಗವಾದರೆ ಕೊಳ್ಳೆಗೆ ದಾರಿಯಾಗುವುದರಿಂದ ಯಾವ ಸ್ಥಳವನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ವಿವೇಚನೆಯೂ ಬೇಕಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ನಂತರ ಮಾದರಿಗಳ ಅಧಿಕೃತ ಭಂಡಾರವಾಗಿಯೂ ಇರುವ ಸಂಸ್ಥೆಗೆ ಈ ಹೊಣೆ ಹೆಚ್ಚಿನದು.

ಚಿತ್ರ ಬಂದ ಮಾತ್ರಕ್ಕೆ ಹಾಳೆ ಅನಗತ್ಯವಾಗುವುದಿಲ್ಲ. ಒಣಗಿದ ಹೂವನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿ ನೋಡುವುದು, ಪರಾಗವನ್ನು ಸೂಕ್ಷ್ಮದರ್ಶಕದಡಿ ಇಡುವುದು, ಎಲೆಯ ಚೂರಿನಿಂದ ಡಿಎನ್‌ಎ ಪಡೆಯುವುದು ಚಿತ್ರದಿಂದ ಆಗದ ಕೆಲಸಗಳು; ಹುಳುಗಳಿಂದ ಕಾಪಾಡಲು ಹಿಂದೆ ಸವರಿದ ಮರ್ಕ್ಯುರಿಕ್ ಕ್ಲೋರೈಡಿನ ವಿಷ ಇನ್ನೂ ಉಳಿದಿರುವ ಹಾಳೆಗಳನ್ನು ಪದೇ ಪದೇ ಮುಟ್ಟುವ ಅಗತ್ಯವನ್ನು ಮಾತ್ರ ಚಿತ್ರ ಕಡಿಮೆ ಮಾಡುತ್ತದೆ. ಅಂತೆಯೇ, ಚೀಟಿಯನ್ನು ಓದಲು ಸಸ್ಯಶಾಸ್ತ್ರದಷ್ಟೇ ಇತಿಹಾಸ ಮತ್ತು ಸ್ಥಳನಾಮಗಳ ಅರಿವೂ ಬೇಕು. ಯುರೋಪಿನ ಕಿವಿ ಕೇಳಿ ಬರೆದ ಊರಹೆಸರು ಸಿದ್ದಾಪುರದ ಯಾವ ಘಟ್ಟ, ಹಾಸನದ ಯಾವ ಹೋಬಳಿ ಎಂದು ಗುರುತಿಸಬಲ್ಲವರು ಆ ನೆಲದ ಭಾಷೆ ಬಲ್ಲವರೇ. ವಾಲಿಕ್‌ನ ಹಂಚಿಕೆ ಸಂಗ್ರಹವನ್ನು ಚದುರಿಸಿದಾಗ ಭಾರತದ ಓದುಗರಿಗೆ ಅದರಲ್ಲಿ ಪಾತ್ರವಿರಲಿಲ್ಲ. ಗಣಕೀಕರಣದಲ್ಲಿ ಆ ಪಾತ್ರ ದೊರೆಯುವುದು ಪ್ರತಿ ರಾಜ್ಯದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ, ಇತಿಹಾಸ, ಭಾಷಾ ವಿಭಾಗಗಳು ಈ ಚೀಟಿಗಳ ಓದಿಗೆ ಕೈಹಚ್ಚಿದಾಗ. ಯೋಜನೆಯ ವೆಚ್ಚದಲ್ಲಿ ಕ್ಯಾಮೆರಾಗಳಿಗೆ ಮೀಸಲಿಟ್ಟಷ್ಟೇ ಪಾಲನ್ನು ಚೀಟಿ ಓದಿ ತಿದ್ದುವವರಿಗೂ ಮೀಸಲಿಡುವುದು ಈ ಚರಿತ್ರೆಯಿಂದ ಹೊರಡುವ ಸಹಜವಾದ ನಿರ್ಣಯ.